ಬೋರ್ಡ್ ಹೇಳೋದು ಒಂದು, ರಸ್ತೆ ಹೇಳೋದು ಇನ್ನೊಂದು

ಮೈಸೂರಿನ ರಿಂಗ್ ರೋಡಿನಲ್ಲಿ ಬೆಳ್ಳಂಬೆಳಗ್ಗೆ ಗಾಡಿ ಓಡಿಸಿದವರಿಗೆ ಗೊತ್ತು, ಆಕ್ಸಿಲರೇಟರ್ ಮೇಲಿನ ಕಾಲು ತಾನಾಗೇ ಕೆಳಗೆ ಇಳಿಯುತ್ತದೆ. ಅದೇ ಮನುಷ್ಯ, ಅದೇ ಕಾರು, ಅರ್ಧ ಗಂಟೆ ಬಿಟ್ಟು ದೇವರಾಜ ಮಾರುಕಟ್ಟೆ ಹಿಂದಿನ ಓಣಿಗೆ ಬಂದರೆ 15 ದಾಟುವುದಿಲ್ಲ. ಒಂದು ಕಡೆ ಹೂವಿನವರ ಬುಟ್ಟಿ, ಇನ್ನೊಂದು ಕಡೆ ಅರ್ಧ ರಸ್ತೆ ನುಂಗಿ ನಿಂತ ಲಗೇಜ್ ಆಟೊ, ನಡುವೆ ಬಾಳೆಗೊನೆ ಹೊತ್ತವರು. ಅಲ್ಲಿ ವೇಗಮಿತಿಯ ಬೋರ್ಡ್ ಇದೆಯೋ ಇಲ್ಲವೋ ಅಂತ ಯಾರೂ ಕತ್ತೆತ್ತಿ ನೋಡುವುದಿಲ್ಲ. ನೋಡುವ ಅಗತ್ಯವೂ ಇಲ್ಲ.

ಇಷ್ಟು ಕಣ್ಣೆದುರಿಗೇ ಇದ್ದರೂ, ಎಲ್ಲಾದರೂ ಅಪಘಾತ ಆದಾಗ ನಮ್ಮ ಜನರ ಬಾಯಲ್ಲಿ ಬರುವುದು ಎರಡೇ ಮಾತು. ಒಂದು, ‘ಜನಕ್ಕೆ ಶಿಸ್ತಿಲ್ಲ’. ಇನ್ನೊಂದು, ‘ಆ ಜಾಗ ಸರಿ ಇಲ್ಲ’. ಎರಡನೆಯದನ್ನು ಹೇಳುವವರು ಅಲ್ಲಿಗೇ ನಿಲ್ಲುವುದಿಲ್ಲ, ಕುಂಬಳಕಾಯಿ ಒಡೆದು, ಪೂಜೆ ಮಾಡಿಸಿ, ಅದೇ ತಿರುವಿನಲ್ಲಿ ಅದೇ 90ರಲ್ಲಿ ಮನೆಗೆ ಹೋಗುತ್ತಾರೆ. ಜಾಗ ಸರಿ ಇಲ್ಲ ಅನ್ನುವುದು ಒಂದು ಲೆಕ್ಕಕ್ಕೆ ನಿಜವೇ. ಆದರೆ ಸರಿ ಇಲ್ಲದಿರುವುದು ತಿರುವಿನ ತ್ರಿಜ್ಯ, ರಸ್ತೆಯ ಇಳಿಜಾರು, ಅಂಚು. ಅದಕ್ಕೆ ಕುಂಬಳಕಾಯಿ ಏನು ಮಾಡೀತು?

ಸಂಖ್ಯೆ ಬರೆದು ವೇಗ ಕಟ್ಟಿಹಾಕುವ ಆಸೆ ಕಾರಿಗಿಂತ ಹಳೆಯದು. ಬ್ರಿಟನ್ನಿನ 1865ರ ಕಾಯ್ದೆ ಇಂಜಿನ್ ಗಾಡಿಗಳಿಗೆ ಹಳ್ಳಿ ಕಡೆ ಗಂಟೆಗೆ 4 ಮೈಲಿ, ಪಟ್ಟಣದಲ್ಲಿ 2 ಮೈಲಿ ಅಂತ ಮಿತಿ ಹಾಕಿತ್ತು. ಮುಂದೆ ಕೆಂಪು ಬಾವುಟ ಹಿಡಿದು ಒಬ್ಬ ನಡೆಯಬೇಕಿತ್ತು. 1896ರಲ್ಲಿ ಕೆಂಟ್ ಸೀಮೆಯಲ್ಲಿ ವಾಲ್ಟರ್ ಆರ್ನಾಲ್ಡ್ ಅನ್ನುವವನು 2 ಮೈಲಿಯ ಜಾಗದಲ್ಲಿ 8 ಮೈಲಿ ವೇಗದಲ್ಲಿ ಹೋದ. ಪೊಲೀಸಪ್ಪ ಸೈಕಲ್ ತುಳಿದು ಬೆನ್ನಟ್ಟಿ ಹಿಡಿದ. ಅತಿವೇಗಕ್ಕೆ ದಂಡ ಕಟ್ಟಿದ ಮೊದಲಿಗರಲ್ಲಿ ಅವನೂ ಒಬ್ಬ, ಒಂದು ಶಿಲ್ಲಿಂಗ್. ಅದೇ ವರ್ಷ ಮಿತಿಯನ್ನು 14 ಮೈಲಿಗೆ ಏರಿಸಿದರು. ಸೈಕಲ್ಲಿಗಿಂತ ನಿಧಾನ ಹೋಗು ಅನ್ನುವ ಕಾನೂನನ್ನು ಎಷ್ಟು ದಿನ ಅಂತ ಉಳಿಸಿಕೊಳ್ಳೋದು!

ಮಿತಿ ಬದಲಾಯಿಸಿದರೆ ವೇಗ ಎಷ್ಟು ಬದಲಾಗುತ್ತದೆ ಅನ್ನುವುದನ್ನು ಅಮೆರಿಕದಲ್ಲಿ ಅಳೆದಿದ್ದಾರೆ. 22 ರಾಜ್ಯಗಳ ಸುಮಾರು 100 ಜಾಗಗಳಲ್ಲಿ ಬೋರ್ಡಿನ ಸಂಖ್ಯೆ ಏರಿಸಿ, ಇನ್ನು ಕೆಲವು ಕಡೆ ಇಳಿಸಿ ನೋಡಿದರು. ಬದಲಾವಣೆ 5ರಿಂದ 20 ಮೈಲಿವರೆಗೆ. ಗಾಡಿಗಳ ನಿಜವಾದ ವೇಗ ಬದಲಾಗಿದ್ದು ಸರಾಸರಿ 2 ಮೈಲಿಗಿಂತ ಕಡಿಮೆ. ಅಂದರೆ ರಸ್ತೆ ಹಾಗೇ ಇದ್ದರೆ ವೇಗವೂ ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಆರು ಪಥದ ನೆಟ್ಟಗಿನ ರಸ್ತೆ ಹಾಸಿ ಪಕ್ಕದಲ್ಲಿ 40 ಅಂತ ಬರೆಯುವುದು, ಎಲೆ ತುಂಬ ಒಬ್ಬಟ್ಟು ಬಡಿಸಿ ‘ಸಕ್ಕರೆ ಕಡಿಮೆ ತಿನ್ನಿ’ ಅಂತ ಚೀಟಿ ಅಂಟಿಸಿದ ಹಾಗೆ.

ಹಾಗಾದರೆ ಕಾಲಿಗೆ ವೇಗ ಹೇಳಿಕೊಡುವುದು ಯಾವುದು? ಮೀಟರ್ ಮುಳ್ಳಲ್ಲ. ಅದನ್ನು ನಾವು ಆಗಾಗ ನೋಡುತ್ತೇವೆ ಅಷ್ಟೆ. ಉಳಿದ ಹೊತ್ತೆಲ್ಲ ಕಣ್ಣಿನ ಅಂಚಿನಲ್ಲಿ ಹಿಂದಕ್ಕೆ ಓಡುವ ವಸ್ತುಗಳಿಂದ ಮೆದುಳು ವೇಗವನ್ನು ಅಂದಾಜು ಮಾಡುತ್ತದೆ. ಪಕ್ಕದ ಮರ 3 ಮೀಟರ್ ದೂರದಲ್ಲಿದ್ದರೆ ಅದು ಸರ್ರನೆ ಹೋಗುತ್ತದೆ. ಅದೇ ಮರ 9 ಮೀಟರ್ ದೂರಕ್ಕೆ ಸರಿದರೆ, ನಮ್ಮ ವೇಗ ಅಷ್ಟೇ ಇದ್ದರೂ, ಕಣ್ಣೆದುರು ಅದು ಸರಿಯುವ ವೇಗ ಮೂರರಲ್ಲಿ ಒಂದು ಪಾಲು. ಹಳೇ ಬೆಂಗಳೂರು–ಮೈಸೂರು ರಸ್ತೆ ನೆನಪಿದ್ದವರಿಗೆ ಆ ಸಾಲುಮರಗಳೂ ನೆನಪಿರುತ್ತವೆ. 60ರಲ್ಲಿ ಹೋದರೂ ಜೋರಾಗಿ ಹೋದ ಹಾಗೆ ಅನಿಸುತ್ತಿತ್ತು. ಈಗ ಅದೇ ದಾರಿಯಲ್ಲಿ 100ರಲ್ಲಿ ಹೋದರೂ ಹಿಂದಿನ ಸೀಟಿನಲ್ಲಿ ಅಜ್ಜಿ ನೆಮ್ಮದಿಯಾಗಿ ನಿದ್ದೆ ಹೊಡೆಯುತ್ತಾರೆ. (ಮರ ಇದ್ದರೆ ಸುರಕ್ಷಿತ ಅಂತ ನಾನು ಹೇಳುತ್ತಿಲ್ಲ. ರಸ್ತೆಗೆ ಅಂಟಿಕೊಂಡ ಮರಕ್ಕೆ ಗುದ್ದಿದರೆ ಉಳಿಯೋದು ಕಷ್ಟ.)

ನೆಲದಿಂದ ಎಷ್ಟು ಎತ್ತರದಲ್ಲಿ ಕೂತಿದ್ದೇವೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಎತ್ತರ ಹೆಚ್ಚಾದಷ್ಟೂ ನೆಲ ನಿಧಾನವಾಗಿ ಓಡಿದ ಹಾಗೆ ಕಾಣುತ್ತದೆ. ದೊಡ್ಡ ಗಾಡಿ ತಗೊಂಡವರು ‘ನೂರು ದಾಟಿದ್ದೇ ಗೊತ್ತಾಗಲ್ಲ’ ಅಂತ ಹೆಮ್ಮೆಯಿಂದ ಹೇಳುತ್ತಾರಲ್ಲ, ಅದು ಹೆಮ್ಮೆ ಪಡುವ ವಿಷಯವಲ್ಲ.

ಇದರ ಜೊತೆಗೆ ಕಣ್ಣಿಗೆ ವೇಗ ಒಗ್ಗಿಹೋಗುತ್ತದೆ. ಮುಕ್ಕಾಲು ಗಂಟೆ 100ರಲ್ಲಿ ಬಂದು ಮಂಡ್ಯ ಊರೊಳಗೆ ಇಳಿದವರಿಗೆ 60 ಅಂದರೆ ತೆವಳಿದ ಹಾಗೆ. ಎದುರಿಗೆ ಕಬ್ಬಿನ ಲೋಡ್ ಹೊತ್ತ ಟ್ರ್ಯಾಕ್ಟರ್, ಹಿಂದೆ ದೀಪವೂ ಇಲ್ಲ. ಹೀಗೆ ಒಗ್ಗಿದ ಕಣ್ಣಿಗೆ ಬ್ರಿಟನ್ನಿನ ಸಂಶೋಧಕ ಜಿ. ಜಿ. ಡೆಂಟನ್ ಒಂದು ಸೊಗಸಾದ ಉಪಾಯ ಹುಡುಕಿದ್ದರು. 1970ರ ದಶಕದ ಶುರುವಿನಲ್ಲಿ ಸ್ಕಾಟ್ಲೆಂಡಿನ ನ್ಯೂಬ್ರಿಜ್ ವೃತ್ತಕ್ಕೆ ಹೋಗುವ ದಾರಿಗೆ ಅಡ್ಡಡ್ಡ ಹಳದಿ ಪಟ್ಟಿ ಬಳಿಸಿದರು. ವೃತ್ತ ಹತ್ತಿರ ಬಂದಂತೆ ಪಟ್ಟಿಗಳ ನಡುವಿನ ಅಂತರ ಕಡಿಮೆ. ಒಂದೇ ವೇಗದಲ್ಲಿ ಹೋಗುವವನಿಗೂ ಪಟ್ಟಿಗಳು ಬೇಗ ಬೇಗ ಬರುತ್ತವೆ, ‘ಅಯ್ಯೋ, ಜಾಸ್ತಿ ಆಯ್ತು’ ಅಂತ ಕಾಲು ತಾನೇ ಬ್ರೇಕಿಗೆ ಹೋಗುತ್ತದೆ. ಬರೀ ಬಣ್ಣ! ಮನುಷ್ಯನ ಕಣ್ಣಿನ ದೌರ್ಬಲ್ಯವನ್ನೇ ಅವನ ಜೀವ ಉಳಿಸಲು ಬಳಸಿಕೊಂಡರು.

ಈಗ ಹಂಪ್ ವಿಷಯಕ್ಕೆ ಬರುತ್ತೇನೆ, ಇದರ ಬಗ್ಗೆ ನನಗೆ ಹೇಳಲು ತುಂಬ ಇದೆ. ಮಂಡ್ಯ ಕಡೆ ಯಾವ ಊರಲ್ಲಾದರೂ ಅಪಘಾತ ಆದರೆ ಜನ ರಸ್ತೆ ತಡೆ ಮಾಡುತ್ತಾರೆ. ಮಾರನೆಯ ದಿನ ಒಂದು ಗಾಡಿ ಜಲ್ಲಿ, ಡಾಂಬರು ಬಂದು ರಸ್ತೆಗೆ ಅಡ್ಡಲಾಗಿ ಒಂದು ದಿಂಡು ಏಳುತ್ತದೆ. ಒಂದಡಿ ಅಗಲ, ಗೇಣುದ್ದ ಎತ್ತರ, ಬಣ್ಣ ಇಲ್ಲ. ವಾರದೊಳಗೆ ಅದರ ಎರಡೂ ತುದಿಯಲ್ಲಿ ಮಣ್ಣಿನ ಮೇಲೆ ಬೈಕಿನವರು ಮಾಡಿಕೊಂಡ ಸಣ್ಣ ದಾರಿ ಮೂಡಿರುತ್ತದೆ, ಅಂದರೆ ನಡೆಯುವವರಿಗಿದ್ದ ಜಾಗವೂ ಹೋಯಿತು. ಬಸ್ಸಿನ ಕೊನೇ ಸೀಟಿನವರು ನೆಗೆದು ತಲೆ ಚಚ್ಚಿಕೊಳ್ಳುತ್ತಾರೆ. ಇಷ್ಟೆಲ್ಲ ಆಗಿಯೂ ವೇಗದ ಕಾರು ನಿಧಾನವಾಗುವುದಿಲ್ಲ, ಇದೇ ಇದರ ತಮಾಷೆ.

ಯಾಕೆ ಅಂದರೆ, ಒಂದಡಿ ಅಗಲದ ದಿಂಡನ್ನು 60ರಲ್ಲಿ ದಾಟಲು ಚಕ್ರಕ್ಕೆ ಸೆಕೆಂಡಿನ ಐವತ್ತರಲ್ಲಿ ಒಂದು ಭಾಗ ಸಾಕು. ಸ್ಪ್ರಿಂಗ್ ಮೇಲೆ ಕೂತ ಕಾರಿನ ಮೈ ಒಮ್ಮೆ ಮೇಲೆದ್ದು ಕೆಳಗಿಳಿಯಲು ಹತ್ತಿರ ಹತ್ತಿರ ಒಂದು ಸೆಕೆಂಡ್ ಬೇಕು. ಹಾಗಾಗಿ ಮೈಗೆ ಏಳುವುದಕ್ಕೇ ಪುರಸೊತ್ತಿಲ್ಲ. ಚಕ್ರ ಮೇಲೆದ್ದು ಸ್ಪ್ರಿಂಗನ್ನು ಒತ್ತಿ ಇಳಿದುಬಿಡುತ್ತದೆ, ಒಳಗೆ ಕೂತವನಿಗೆ ‘ದಡ್’ ಅಂತ ಒಂದು ಶಬ್ದ. ಪೆಟ್ಟೆಲ್ಲ ಟೈರಿಗೆ, ಆಕ್ಸಲ್ಲಿಗೆ. ನಿಧಾನವಾಗಿ ಬರುವ ಸ್ಕೂಟರಿನವರು, ಗರ್ಭಿಣಿ ಕೂತ ಆಟೊ, ಇವರಿಗೆ ಮಾತ್ರ ಪೂರ್ತಿ ಶಿಕ್ಷೆ. ಚೂಪು ಹಂಪ್ ವೇಗದವನಿಗೆ ಬಹುಮಾನ ಕೊಡುತ್ತದೆ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ (ಪಕ್ಷಕ್ಕೂ ಇದಕ್ಕೂ ಸಂಬಂಧ ಇಲ್ಲ, 1934ರಲ್ಲಿ ಶುರುವಾದ ರಸ್ತೆ ಇಂಜಿನಿಯರುಗಳ ಸಂಸ್ಥೆ) 1988ರಲ್ಲೇ ಇದಕ್ಕೆ ಅಳತೆ ಕೊಟ್ಟಿದೆ: 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ಕಮಾನು. ಅಂಥ ಹಂಪನ್ನು 25 ಕಿ.ಮೀ. ವೇಗದಲ್ಲಿ ಆರಾಮಾಗಿ ದಾಟಬಹುದು. ಇಲ್ಲಿ ಇಡೀ ಕಾರೇ ಹತ್ತಿ ಇಳಿಯಬೇಕು, ಸ್ಪ್ರಿಂಗ್ ಮರೆಯಲ್ಲಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಕಮಾನಿನ ಮೇಲೆ ಹೋಗುವಾಗ ಸೀಟಿನಿಂದ ನಮ್ಮನ್ನು ಮೇಲೆತ್ತುವಂತೆ ಅನಿಸುವ ಪ್ರಮಾಣ ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದಷ್ಟು. 25ರಲ್ಲಿ ಅದು ಗುರುತ್ವದ ಮೂರರಲ್ಲೊಂದು ಪಾಲಿಗೂ ಕಡಿಮೆ. 40ರಲ್ಲಿ ಮುಕ್ಕಾಲು. ಸುಮಾರು 46ಕ್ಕೆ ಗುರುತ್ವಕ್ಕೆ ಸಮ, ಅಂದರೆ ಒಂದು ಕ್ಷಣ ತೂಕವೇ ಇಲ್ಲ. ಸ್ಪ್ರಿಂಗು, ಟೈರು ಇದನ್ನು ಸ್ವಲ್ಪ ಆಚೀಚೆ ಮಾಡುತ್ತವೆ, ಆದರೂ ಪಾಠ ಒಂದೇ: ಜಾಸ್ತಿ ವೇಗಕ್ಕೆ ಜಾಸ್ತಿ ಶಿಕ್ಷೆ.

ಇಂಥ ದಿಬ್ಬಗಳ ಬಗ್ಗೆ ಮೊದಮೊದಲು ತಲೆ ಕೆಡಿಸಿಕೊಂಡವರಲ್ಲಿ ಒಬ್ಬರು ಯಾರು ಗೊತ್ತಾ? ಆರ್ಥರ್ ಕಾಂಪ್ಟನ್! ಬೆಳಕು ಕಣದಂತೆ ಡಿಕ್ಕಿ ಹೊಡೆಯುತ್ತದೆ ಅಂತ ತೋರಿಸಿ 1927ರ ನೊಬೆಲ್ ಪಡೆದವರು, 1926–27ರಲ್ಲಿ ಲಾಹೋರಿನಲ್ಲೂ ಇದ್ದವರು. ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದಾಗ ಕ್ಯಾಂಪಸ್ಸಿನೊಳಗೆ ಕಾರುಗಳು ನುಗ್ಗುವುದು ನೋಡಿ ಸಾಕಾಗಿ, 1953ರಲ್ಲಿ ತಾವೇ ದಿಬ್ಬದ ವಿನ್ಯಾಸ ಮಾಡಿದರು. ನಮ್ಮ ಊರಿನ ಹಂಪ್ ಹಾಕುವಾಗ ನೊಬೆಲ್ ಬೇಡ, ಒಂದು ಟೇಪ್ ಇದ್ದರೆ ಸಾಕು.

ಹಂಪ್ ಇಲ್ಲದೆಯೂ ವೇಗ ಇಳಿಸಬಹುದು ಅನ್ನುವುದಕ್ಕೆ ಮೈಸೂರಿಗಿಂತ ಒಳ್ಳೆ ಉದಾಹರಣೆ ಬೇಕಾ? ಕೆ.ಆರ್. ಸರ್ಕಲ್, ಚಾಮರಾಜ ಸರ್ಕಲ್ ನೋಡಿ. ನಡುವೆ ಮಂಟಪ, ಒಳಗೆ ಒಡೆಯರ ಪ್ರತಿಮೆ. ನೆಟ್ಟಗೆ ನುಗ್ಗಲು ದಾರಿಯೇ ಇಲ್ಲ, ಸುತ್ತಿ ಬರಲೇಬೇಕು, ಸುತ್ತಬೇಕು ಅಂದರೆ ವೇಗ ಇಳಿಯಲೇಬೇಕು. ನಾಲ್ಕು ರಸ್ತೆ ಸೇರುವ ಮಾಮೂಲಿ ಕೂಡಿನಲ್ಲಿ ಗಾಡಿಗಳ ದಾರಿ ಒಂದಕ್ಕೊಂದು ತಾಕುವ ಜಾಗ 32. ಒಂದೇ ಪಥದ ವೃತ್ತದಲ್ಲಿ ಅದು 8. ಡಿಕ್ಕಿಯಾದರೂ ಓರೆಯಾಗಿ, ಕಡಿಮೆ ವೇಗದಲ್ಲಿ ಆಗುತ್ತದೆ. ಅಂದಕ್ಕೆ ಕಟ್ಟಿದ್ದು ಜೀವವನ್ನೂ ಕಾಯುತ್ತಿದೆ.

ಇನ್ನು ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ. 2023ರ ಮಾರ್ಚ್ 12ರಂದು ಮಂಡ್ಯದಲ್ಲಿ ಉದ್ಘಾಟನೆ ಆಯಿತು, ಸುಮಾರು 118 ಕಿ.ಮೀ. ರಸ್ತೆ ವಿನ್ಯಾಸ ಮಾಡುವವರು ಒದ್ದೆ ನೆಲ, ಸವೆದ ಟೈರು, ಬ್ರೇಕ್ ಒತ್ತುವ ಮುಂಚೆ ಯೋಚಿಸಲು 2.5 ಸೆಕೆಂಡ್ ತೆಗೆದುಕೊಳ್ಳುವ ಚಾಲಕ, ಎಲ್ಲವನ್ನೂ ಹಿಡಿದು ಲೆಕ್ಕ ಹಾಕುತ್ತಾರೆ. ಹೀಗೆ 100ಕ್ಕೆ ಅಂತ ಮಾಡಿದ ರಸ್ತೆ ಬಿಸಿಲಿನ ದಿನ, ಹೊಸ ಕಾರಿನವನಿಗೆ ‘130ಕ್ಕೂ ನಾನು ರೆಡಿ’ ಅನ್ನುತ್ತದೆ. ಸುರಕ್ಷತೆಗೆ ಬಿಟ್ಟ ಅಂತರವನ್ನು ಅವನು ವೇಗವಾಗಿ ಖರ್ಚು ಮಾಡುತ್ತಾನೆ. ಆ ವರ್ಷ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯ ಪಥದಿಂದ ದೂರ ಇಟ್ಟರು, ಆಮೇಲೆ ಕ್ಯಾಮರಾಗಳು ಬಂದವು. 30ರಲ್ಲಿ ಹೋಗುವ ಗಾಡಿ ಮತ್ತು 120ರಲ್ಲಿ ಹೋಗುವ ಗಾಡಿ ಒಂದೇ ಪಥದಲ್ಲಿ ಇರಬಾರದು ಅನ್ನುವುದು ನ್ಯಾಯವೇ. ಸರ್ವಿಸ್ ರಸ್ತೆಯೂ ಅಷ್ಟೇ ಚೆನ್ನಾಗಿರಬೇಕಿತ್ತು ಅನ್ನುವುದು ಬೈಕಿನವರ ಪರವಾಗಿ ನನ್ನ ತಕರಾರು.

‘80 ಆದರೇನು, 100 ಆದರೇನು’ ಅನ್ನುವವರಿಗೆ ಹೈಸ್ಕೂಲಿನ 3-4-5 ತ್ರಿಕೋನ ನೆನಪಿಸುತ್ತೇನೆ. ಎರಡು ಕಾರು ಅಕ್ಕಪಕ್ಕ ಹೋಗುತ್ತಿವೆ, ಒಂದು 80ರಲ್ಲಿ, ಒಂದು 100ರಲ್ಲಿ. ಒಂದೇ ಜಾಗದಲ್ಲಿ ಇಬ್ಬರೂ ಒಂದೇ ಬಲದಲ್ಲಿ ಬ್ರೇಕ್ ಹಾಕುತ್ತಾರೆ. 80ರ ಕಾರು ಪೂರ್ತಿ ನಿಂತ ಜಾಗದಲ್ಲಿ 100ರ ಕಾರಿನ ವೇಗ ಎಷ್ಟಿರುತ್ತದೆ? 20 ಅಂತ ತಾನೇ ಅನಿಸೋದು? ಅಲ್ಲ, 60! ಬ್ರೇಕ್ ಕಳೆಯುವುದು ವೇಗದ ವರ್ಗವನ್ನು. 100ರ ವರ್ಗದಲ್ಲಿ 80ರ ವರ್ಗ ಕಳೆದರೆ ಉಳಿಯುವುದು 60ರ ವರ್ಗ. ಇಬ್ಬರಿಗೂ ಯೋಚಿಸಲು ಒಂದೊಂದು ಸೆಕೆಂಡ್ ಕೊಟ್ಟು, ಒಣ ರಸ್ತೆಯ ಒಳ್ಳೆ ಬ್ರೇಕ್ ಹಿಡಿದು ಲೆಕ್ಕ ಹಾಕಿದರೆ ಅದು 68ರ ಹತ್ತಿರ ಹೋಗುತ್ತದೆ.

ಅದಕ್ಕೇ ಸಣ್ಣ ಇಳಿಕೆಯೂ ದೊಡ್ಡದು. ಫ್ರಾನ್ಸ್ 2018ರ ಜುಲೈಯಲ್ಲಿ ಹಳ್ಳಿಗಾಡಿನ ರಸ್ತೆಗಳ ಮಿತಿಯನ್ನು 90ರಿಂದ 80ಕ್ಕೆ ಇಳಿಸಿತು. ವೇಗ ನಿಜವಾಗಿ ಇಳಿದಿದ್ದು 3 ಕಿ.ಮೀ. ಚಿಲ್ಲರೆ, ಬೋರ್ಡಿನ ಯೋಗ್ಯತೆ ಅಷ್ಟೇ. ಆದರೂ 20 ತಿಂಗಳಲ್ಲಿ 349 ಜೀವ ಉಳಿಯಿತು ಅಂತ ಅಲ್ಲಿನ ಸರ್ಕಾರಿ ಸಂಸ್ಥೆಯ ಅಂದಾಜು. ಸರಾಸರಿ ವೇಗ ಶೇ. 1 ಹೆಚ್ಚಾದರೆ ಸಾವಿನ ಅಪಘಾತದ ಸಂಭವ ಸುಮಾರು ಶೇ. 4 ಹೆಚ್ಚುತ್ತದೆ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆ ಕೊಡುವ ಲೆಕ್ಕ.

ಕೆಲವು ಕಡೆ ವೇಗ ಎಷ್ಟೇ ಇರಲಿ, ರಸ್ತೆ ಕ್ಷಮಿಸುವ ಹಾಗಿರಬೇಕು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ವಿ.ಸಿ. ನಾಲೆಗೆ ಉರುಳಿ 30 ಜನ ಸತ್ತರು, ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ನಾಲೆ ಬಲಿ ಕೇಳುತ್ತೆ ಅನ್ನುವವರ ಹತ್ತಿರ ನನಗೆ ವಾದ ಮಾಡುವ ತಾಳ್ಮೆ ಇಲ್ಲ. ನೀರಿನ ಪಕ್ಕದಲ್ಲಿ ಗಟ್ಟಿ ತಡೆಗೋಡೆ ಬೇಕು, ಮುಗೀತು.

ಕ್ಯಾಮರಾ ಕಂಡಲ್ಲಿ ಬ್ರೇಕ್ ಒತ್ತಿ, ದಾಟಿದ ತಕ್ಷಣ ಮತ್ತೆ ಏರಿಸುವ ಜಾಣರಿಗೂ ಮದ್ದಿದೆ. ಇಟಲಿಯ ಹೆದ್ದಾರಿಗಳಲ್ಲಿ 2005ರಿಂದ ಎರಡು ಕ್ಯಾಮರಾಗಳ ನಡುವಿನ ದೂರವನ್ನು ನೀವು ತಗೊಂಡ ಸಮಯದಿಂದ ಭಾಗಿಸಿ ಸರಾಸರಿ ವೇಗ ಹಿಡಿಯುತ್ತಾರೆ. ಮಂಡ್ಯದಿಂದ ಮೈಸೂರಿಗೆ 40 ಕಿ.ಮೀ. ಅಂದುಕೊಳ್ಳಿ. 100ರಲ್ಲಿ 24 ನಿಮಿಷ, 120ರಲ್ಲಿ 20. ಆ ನಾಲ್ಕು ನಿಮಿಷಕ್ಕೆ ದಂಡದ ಚೀಟಿ ಮನೆಗೆ ಬರುತ್ತದೆ. ಇದನ್ನೂ ತಪ್ಪಿಸಲು ಶ್ರೀರಂಗಪಟ್ಟಣದಲ್ಲಿ ನಿಲ್ಲಿಸಿ ಟೀ ಕುಡಿದು ಟೈಮ್ ಸರಿ ಮಾಡಿಕೊಳ್ಳುವವರು ನಮ್ಮಲ್ಲಿ ಖಂಡಿತ ಹುಟ್ಟಿಕೊಳ್ಳುತ್ತಾರೆ. ಕುಡೀಲಿ ಬಿಡಿ, ಅಷ್ಟು ಹೊತ್ತಾದರೂ ಗಾಡಿ ನಿಂತಿರುತ್ತಲ್ಲ.