ಲಿಗಮೆಂಟ್ ಕತ್ತರಿಸಿದರೆ ಮೂಳೆ ಮುರಿದಂತಾಗದು

ಕೀಲಿನೊಳಗೆ ಮೂಳೆ ಮುರಿದವರಿಗೆ ಕೆಲವು ವರ್ಷಗಳಲ್ಲಿ ಅದೇ ಕೀಲು ಸವೆದು ನೋಯತೊಡಗುವುದು ಏಕೆ? ಇದನ್ನು ಪ್ರಾಣಿಗಳಲ್ಲಿ ಅಧ್ಯಯನ ಮಾಡಲು ಹೊರಡುವ ಪ್ರಸ್ತಾವಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಎದುರಾಗುತ್ತದೆ. ಶೀರ್ಷಿಕೆಯಲ್ಲಿ 'ಮುರಿತದ ನಂತರದ ಸಂಧಿವಾತ' ಎಂದಿರುತ್ತದೆ. ವಿಧಾನದ ಪುಟ ತೆರೆದರೆ ಇಲಿಯ ಮಂಡಿಯಲ್ಲಿ ಲಿಗಮೆಂಟ್ (ಕೀಲನ್ನು ಬಿಗಿದಿಡುವ ಗಟ್ಟಿ ಪಟ್ಟಿ) ಕತ್ತರಿಸುವ ಶಸ್ತ್ರಕ್ರಿಯೆ. ಮಿನಿಸ್ಕಸ್ ಎಂಬ ಮಂಡಿಯೊಳಗಿನ ಮೆತ್ತೆಯನ್ನು ಹಿಡಿದಿಡುವುದನ್ನೋ, ತೊಡೆಮೂಳೆಯನ್ನು ಕೆಳಗಾಲಿನ ಮೂಳೆಗೆ ಬಿಗಿಯುವ ಎಸಿಎಲ್ ಅನ್ನೋ ಕತ್ತರಿಸುತ್ತಾರೆ. ಮೂಳೆಯಲ್ಲಿ ಒಂದು ಬಿರುಕೂ ಇಲ್ಲ.

ಕತ್ತರಿಸಿದಾಗ ಕೀಲು ಸಡಿಲವಾಗುತ್ತದೆ. ಪ್ರತಿ ಹೆಜ್ಜೆಗೂ ಭಾರ ತಪ್ಪು ಜಾಗದಲ್ಲಿ ಬಿದ್ದು, ವಾರಗಳುದ್ದಕ್ಕೂ ಕಾರ್ಟಿಲೇಜ್ (ಕೀಲಿನಲ್ಲಿ ಮೂಳೆಯ ತುದಿಯನ್ನು ಹೊದ್ದ ನುಣುಪು ಪದರ) ಸವೆಯುತ್ತದೆ. ಮುರಿತದಲ್ಲಿ ಹಾಗಲ್ಲ. ಪೆಟ್ಟಿನ ಶಕ್ತಿಗೆ ಬಿರುಕಿನ ಅಂಚಿನ ಕಾರ್ಟಿಲೇಜ್ ಕೋಶಗಳು ಸಾಯಲು ಶುರುವಾಗುತ್ತವೆ, ಮುಂದಿನ ಒಂದೆರಡು ದಿನ ಆ ಸಾವು ಹರಡುತ್ತದೆ. ಮಜ್ಜೆಯ ರಕ್ತ ಮತ್ತು ಕೊಬ್ಬು ಕೀಲಿನೊಳಕ್ಕೆ ನುಗ್ಗಿ ಉರಿಯೂತ ಭುಗಿಲೇಳುತ್ತದೆ. ಮೂಳೆ ಕೂಡಿಕೊಂಡ ಮೇಲೂ ಮೇಲ್ಮೈಯಲ್ಲಿ ಮೆಟ್ಟಿಲಿನಂಥ ಏರುಪೇರು ಉಳಿಯಬಹುದು. ಕೊನೆಯಲ್ಲಿ ಸೂಕ್ಷ್ಮದರ್ಶಕದಡಿ ಎರಡೂ ಕಡೆ ಕಾಣುವುದು ಸವೆದ ಕಾರ್ಟಿಲೇಜೇ, ಗೊಂದಲ ಹುಟ್ಟುವುದೂ ಇಲ್ಲೇ. ತಲುಪಿದ ಊರು ಒಂದೇ, ಬಂದ ದಾರಿ ಬೇರೆ. ಪೆಟ್ಟಾದ ಮೊದಲ 48 ಗಂಟೆಯಲ್ಲಿ ಕೋಶಗಳನ್ನು ಉಳಿಸುವ ಔಷಧಿಯನ್ನು ಲಿಗಮೆಂಟ್ ಕತ್ತರಿಸಿದ ಇಲಿಗೆ ಕೊಟ್ಟರೆ ಅದು ಏನನ್ನು ಉಳಿಸಬೇಕು? ಅಲ್ಲಿ ಪೆಟ್ಟಿನಿಂದ ಸಾಯುತ್ತಿರುವ ಕೋಶಗಳೇ ಇಲ್ಲವಲ್ಲ! ಔಷಧಿ ನಿಷ್ಫಲವೆಂದು ಬರೆದು ಕೈತೊಳೆದುಕೊಂಡರೆ ಒಳ್ಳೆಯ ಔಷಧಿಯೊಂದು ಕಾರಣವಿಲ್ಲದೆ ಮೂಲೆ ಸೇರುತ್ತದೆ.

ಮುರಿತವೇ ಬೇಕೆಂದರೆ ದಾರಿ ಇದೆ. ಡ್ಯೂಕ್ ವಿಶ್ವವಿದ್ಯಾಲಯದ ತಂಡ 2007ರಲ್ಲಿ ಪ್ರಕಟಿಸಿದ ಇಲಿ ಮಾದರಿಯಲ್ಲಿ ಚರ್ಮ ಸೀಳುವುದೇ ಇಲ್ಲ. ಅರಿವಳಿಕೆ ಕೊಟ್ಟ ಇಲಿಯ ಮಡಿಸಿದ ಮಂಡಿಯನ್ನು ತೊಟ್ಟಿಲಿನಂಥ ಹಿಡಿಕೆಯಲ್ಲಿ ಕೂರಿಸಿ, ಯಂತ್ರದ ಬೆಣೆಯಾಕಾರದ ತುದಿಯನ್ನು ಟಿಬಿಯಾದ (ಮಂಡಿಯ ಕೆಳಗಿನ ದೊಡ್ಡ ಮೂಳೆ) ಮೇಲ್ತುದಿಯ ಮುಂಭಾಗಕ್ಕೆ ಒತ್ತಲಾಗುತ್ತದೆ. ಮೊದಲು 10 ನ್ಯೂಟನ್‌ನಷ್ಟು ಭಾರವಿಟ್ಟು ಜಾಗ ಖಚಿತಪಡಿಸಿಕೊಂಡು, ಆಮೇಲೆ ಸೆಕೆಂಡಿಗೆ 20 ನ್ಯೂಟನ್ ದರದಲ್ಲಿ ಭಾರ ಏರಿಸುತ್ತ ತುದಿಯನ್ನು ಸುಮಾರು 2.7 ಮಿಮೀ ಇಳಿಸುತ್ತಾರೆ. ಮೂಳೆ ಮುರಿದ ಕ್ಷಣ ಭಾರದ ಗ್ರಾಫ್ ತಟ್ಟನೆ ಕುಸಿಯುತ್ತದೆ. ಆ ಗ್ರಾಫನ್ನು ಪ್ರತಿ ಇಲಿಗೂ ಉಳಿಸಿಡಿ, ಮುರಿತಕ್ಕೆ ಹಿಡಿದ ಶಕ್ತಿಯನ್ನು ಲೆಕ್ಕ ಹಾಕುವುದು ಅದರಿಂದಲೇ.

ಕೆಡುವುದು ಹೆಚ್ಚಾಗಿ ತುದಿ ಕೂರುವ ಜಾಗದಲ್ಲಿ. ಒಂದು ಮಿಮೀ ಕೆಳಗೆ ಜಾರಿದರೂ ಕೀಲಿನ ಮೇಲ್ಮೈ ಬದಲು ಮೂಳೆಯ ಕಾಂಡ ಮುರಿದೀತು. ಆದ್ದರಿಂದ ಅರಿವಳಿಕೆ ಇಳಿಯುವ ಮೊದಲೇ ಎಕ್ಸ್‌ರೇ ತೆಗೆದು, ಬಿರುಕು ಕೀಲಿನೊಳಗೆ ತಲುಪಿದೆಯೇ ನೋಡಬೇಕು. ತಲುಪದ ಇಲಿಯನ್ನು ಕೈಬಿಡುವ ನಿಯಮ ಮೊದಲೇ ಬರೆದಿರಲಿ, ಫಲಿತಾಂಶ ನೋಡಿದ ಮೇಲಲ್ಲ. ನೋವುನಿವಾರಕ ಕೊಡಲೇಬೇಕು, ಇದರಲ್ಲಿ ರಾಜಿ ಇಲ್ಲ. ಆದರೆ ಉರಿಯೂತ ತಗ್ಗಿಸುವ ಗುಂಪಿನದನ್ನು ಕೊಟ್ಟರೆ ನೀವು ಅಳೆಯಬೇಕಾದದ್ದೇ ಅಳಿಸಿಹೋಗಬಹುದು. ಸಾಮಾನ್ಯವಾಗಿ ಆ ಗುಂಪಿಗೆ ಸೇರದ ಬ್ಯುಪ್ರಿನಾರ್ಫಿನ್ ಎಂಬ ನೋವುನಿವಾರಕವನ್ನು ಆರಿಸುವುದು ಅದಕ್ಕೇ. ಪ್ರಮಾಣವನ್ನು ಪಶುವೈದ್ಯರೇ ನಿರ್ಧರಿಸಲಿ.

ಕಾರ್ಟಿಲೇಜ್ ಎಷ್ಟು ಹಾಳಾಗಿದೆಯೆಂದು ಸೂಕ್ಷ್ಮದರ್ಶಕದಡಿ ನೋಡಿ ಅಂಕ ಕೊಡುವಾಗ ಇನ್ನೊಂದು ಎಡವಟ್ಟು. ಸ್ಯಾಫ್ರನಿನ್-ಓ ಬಣ್ಣ ಹಾಕಿದ ಕೀಲಿನ ತೆಳು ತುಣುಕಿನಲ್ಲಿ ಆರೋಗ್ಯವಂತ ಕಾರ್ಟಿಲೇಜ್ ಕೆಂಪಾಗಿ ಕಾಣುತ್ತದೆ, ಪ್ರೋಟಿಯೋಗ್ಲೈಕಾನ್ (ಕಾರ್ಟಿಲೇಜಿನಲ್ಲಿ ನೀರು ಹಿಡಿದಿಡುವ ಅಣುಗಳು) ಕಳೆದುಕೊಂಡದ್ದು ಮಂಕಾಗಿರುತ್ತದೆ. ಬಿರುಕು ಹಾದ ಜಾಗದಲ್ಲಿ ಕೆಂಪು ಇಲ್ಲದಿದ್ದರೆ ಅದು ಪೆಟ್ಟಿನ ಗುರುತೇ ಆಗಿರಬಹುದು, ರೋಗದ್ದಾಗಬೇಕೆಂದಿಲ್ಲ. ಬಿರುಕಿನ ಅಂಚಿಗೂ ದೂರದ ಜಾಗಕ್ಕೂ ಬೇರೆ ಬೇರೆ ಅಂಕ ಕೊಡಿ. ಒಂದೇ ತುಣುಕನ್ನು ನಂಬದೆ ಇಡೀ ಕೀಲಿನುದ್ದಕ್ಕೂ ಸಮ ಅಂತರದಲ್ಲಿ ತುಣುಕು ತೆಗೆಯಿರಿ. ಇನ್ನೊಂದು ಕಾಲು ಪೂರ್ತಿ 'ಸಹಜ' ಎಂದೂ ಭಾವಿಸಬೇಡಿ, ಕುಂಟುವ ಇಲಿ ಅದರ ಮೇಲೆ ಹೆಚ್ಚು ಭಾರ ಹಾಕಿರುತ್ತದೆ. ಮುರಿತವಿಲ್ಲದೆ ಅರಿವಳಿಕೆ ಮಾತ್ರ ಪಡೆದ ಗುಂಪೂ ಬೇಕು.

ಇಷ್ಟು ಮಾಡಿದರೂ ಇಲಿ ಎಲ್ಲಕ್ಕೂ ಉತ್ತರ ಕೊಡದು. ಅದರ ಟಿಬಿಯಾದ ಕಾರ್ಟಿಲೇಜ್ ಒಂದು ಮಿಮೀಯ ಹತ್ತನೇ ಒಂದು ಭಾಗದಷ್ಟೂ ದಪ್ಪವಿಲ್ಲ, ಮನುಷ್ಯನ ಮಂಡಿಯಲ್ಲಿ 2ರಿಂದ 4 ಮಿಮೀ. ಮುರಿದ ತುಂಡುಗಳನ್ನು ಪ್ಲೇಟು, ಸ್ಕ್ರೂ ಹಾಕಿ ಎಷ್ಟು ನಿಖರವಾಗಿ ಕೂಡಿಸಬೇಕೆಂಬುದು ನಿಮ್ಮ ಪ್ರಶ್ನೆಯಾಗಿದ್ದರೆ, ಅಂಥ ಶಸ್ತ್ರಕ್ರಿಯೆಗೆ ಒಗ್ಗುವ ಕೀಲು ಯುಕಟಾನ್ ಮಿನಿ ಹಂದಿಯಂಥ ದೊಡ್ಡ ಪ್ರಾಣಿಯಲ್ಲಿ ಮಾತ್ರ ಸಿಗುತ್ತದೆ.