ಹೊಸ ಆಪರೇಟರ್‌ಗೆ ಟಿಪ್ ಬದಲಿಸಲು ಕಲಿಸುವುದು

ಪೀಣ್ಯದಂಥ ಕೈಗಾರಿಕಾ ಪ್ರದೇಶದ ಬಹುತೇಕ ಮಷೀನ್ ಶಾಪ್‌ಗಳಲ್ಲಿ ತರಬೇತಿ ಎಂದರೆ ಒಂದೇ ಮಾತು: "ಸೀನಿಯರ್ ಜೊತೆ ಒಂದ್ ವಾರ ನಿಂತ್ಕೊ, ನೋಡಿ ಕಲಿತ್ಕೊ." ಸೀನಿಯರ್‌ಗೆ ಅವನದೇ ಶಿಫ್ಟ್ ಟಾರ್ಗೆಟ್ ಇರುತ್ತದೆ. ಹೊಸಬ ಬರ್ (ಲೋಹದ ಅಂಚಿನಲ್ಲಿ ಉಳಿದ ಚೂಪು ಮುಳ್ಳು) ತೆಗೆಯುತ್ತ, ಟ್ರೇ ಎತ್ತಿಡುತ್ತ ವಾರ ಕಳೆಯುತ್ತಾನೆ. ಆಮೇಲೆ ಒಂದು ರಾತ್ರಿ ಪಾಳಿಯಲ್ಲಿ ಮಷೀನ್ ಮುಂದೆ ಅವನೊಬ್ಬನೇ.

ಅಪ್ರೆಂಟಿಸ್ ಕಾಯ್ದೆಯ ನಿಯಮದಂತೆ 30 ಅಥವಾ ಹೆಚ್ಚು ಜನರಿರುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಅಂದರೆ ಕಲಿಯುವವರು ವರ್ಷವರ್ಷವೂ ಬರುತ್ತಾರೆ. ಕೊರತೆ ಇರುವುದು ಕಲಿಸುವ ಕ್ರಮದಲ್ಲಿ. ಹತ್ತು ವರ್ಷ ಲೇತ್ (ಲೋಹ ಕಡೆಯುವ ಯಂತ್ರ) ಓಡಿಸಿದವನ ಕೈಗೆ ಎಲ್ಲವೂ ಅಭ್ಯಾಸವಾಗಿರುತ್ತದೆ, ಬಾಯಿಗೆ ಬರುವುದಿಲ್ಲ. ತಾನು ಏನೇನು ಮಾಡುತ್ತೇನೆ ಎಂದು ಅವನಿಗೇ ಪೂರ್ತಿ ಗೊತ್ತಿರುವುದಿಲ್ಲ.

ಇದಕ್ಕೆ ಪರಿಹಾರ ಹಳೆಯದೇ. 1940ರಲ್ಲಿ ಅಮೆರಿಕ ಸರ್ಕಾರ ಯುದ್ಧೋತ್ಪಾದನೆಗಾಗಿ 'ಟ್ರೈನಿಂಗ್ ವಿದಿನ್ ಇಂಡಸ್ಟ್ರಿ' ಎಂಬ ಕಾರ್ಯಕ್ರಮ ಶುರು ಮಾಡಿತು. ಸೂಪರ್‌ವೈಸರ್‌ಗಳಿಗೆ ಕಲಿಸುವ ವಿಧಾನವನ್ನೇ ಕಲಿಸುವ ಪಾಠ ಅದರಲ್ಲಿತ್ತು: ತಲಾ ಎರಡು ಗಂಟೆಯ ಐದು ತರಗತಿ, ಒಟ್ಟು ಹತ್ತು ಗಂಟೆ. ಯುದ್ಧ ಮುಗಿದ ಮೇಲೆ ಅದು ಜಪಾನಿಗೆ ಹೋಯಿತು, 1950ರ ದಶಕದಲ್ಲಿ ಟೊಯೋಟಾ ಅಳವಡಿಸಿಕೊಂಡಿತು. ಈಗ ಬಳಕೆಯಲ್ಲಿರುವ ರೂಪದಲ್ಲಿ ಅದರ ಜೀವಾಳ ಮೂರು ಕಾಲಂಗಳ ಒಂದು ಹಾಳೆ: ಮುಖ್ಯ ಹಂತ, ಆ ಹಂತದ ಸೂಕ್ಷ್ಮ, ಆ ಸೂಕ್ಷ್ಮಕ್ಕೆ ಕಾರಣ.

ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಲೇತ್‌ನಲ್ಲಿ ಫಿನಿಶಿಂಗ್ ಟಿಪ್ (ಕೊನೆಯ ಕಟ್ ಮಾಡುವ, ಸವೆದಾಗ ಬದಲಿಸುವ ಪುಟ್ಟ ಅಲಗು) ಬದಲಿಸುವುದನ್ನೇ ತೆಗೆದುಕೊಳ್ಳೋಣ. ಅನುಭವಿಗೆ ಐದು ನಿಮಿಷದ ಕೆಲಸ. ಹೊಸಬರು ಮಾಡುವ ರಿಜೆಕ್ಷನ್‌ಗಳಲ್ಲಿ ದೊಡ್ಡ ಪಾಲು ಇಲ್ಲೇ ಹುಟ್ಟುತ್ತದೆ.

ಮೊದಲ ಹಂತ, ಹಳೆ ಟಿಪ್ ಬಿಚ್ಚಿ ಹೋಲ್ಡರ್‌ನ ಸೀಟ್ ಒರೆಸುವುದು. ಸೂಕ್ಷ್ಮ: ಲೋಹದ ಒಂದು ಎಳೆ ಚೂರೂ ಉಳಿಯಬಾರದು. ಕಾರಣ: ಉಳಿದರೆ ಟಿಪ್ ಓರೆಯಾಗಿ ಕೂರುತ್ತದೆ, ಸೈಜ್ ತಪ್ಪುತ್ತದೆ, ಲೋಡ್ ಬಿದ್ದಾಗ ಟಿಪ್ ಒಡೆಯಲೂಬಹುದು. ಎರಡನೆಯದು, ಹೊಸ ಟಿಪ್ ಕೂರಿಸಿ ಬಿಗಿಮಾಡುವುದು. ಸೂಕ್ಷ್ಮ: ಸ್ಕ್ರೂ ತಿರುಗಿಸುವಾಗ ಬೆರಳಿನಿಂದ ಟಿಪ್ಪನ್ನು ಸೀಟಿನ ಎರಡೂ ಗೋಡೆಗೆ ಒತ್ತಿ ಹಿಡಿದಿರಬೇಕು, ಇಲ್ಲದಿದ್ದರೆ ಸಂದಿ ಉಳಿದು ಟಿಪ್ಪಿನ ಮೂಗು, ಅಂದರೆ ಕಟ್ ಮಾಡುವ ತುದಿ, ಜರುಗುತ್ತದೆ.

ಮೂರನೆಯದು, ಎಕ್ಸ್ ಅಕ್ಷದ (ವ್ಯಾಸದ ದಿಕ್ಕಿನ) ವೇರ್ ಆಫ್‌ಸೆಟ್‌ಗೆ, ಅಂದರೆ ಟೂಲ್‌ನ ಜಾಗ ತಿದ್ದಲು ಮಷೀನ್‌ಗೆ ಕೊಡುವ ಅಂಕಿಗೆ, 0.20 ಮಿ.ಮೀ. ಕೂಡಿಸಿ ಮೊದಲ ಜಾಬ್ (ಕಡೆಯುವ ಬಿಡಿಭಾಗ) ಓಡಿಸುವುದು. ಕಾರಣ ಎಲ್ಲರಿಗೂ ಗೊತ್ತಿರುವುದೇ: ದಪ್ಪಗೆ ಬಂದರೆ ಮತ್ತೆ ಕಟ್ ಮಾಡಬಹುದು, ಸಣ್ಣದಾದರೆ ಸ್ಕ್ರ್ಯಾಪ್. ಆದರೆ ಬೋರಿಂಗ್‌ಗೆ (ರಂಧ್ರವನ್ನು ಒಳಗಿನಿಂದ ಕಡೆದು ದೊಡ್ಡದು ಮಾಡುವುದಕ್ಕೆ) ಇದು ತಿರುಗುಮುರುಗು, ಅಲ್ಲಿ 0.20 ಕಳೆಯಬೇಕು. ಹಾಳೆಯಲ್ಲಿ ಇದನ್ನು ಕೆಂಪು ಅಕ್ಷರದಲ್ಲಿ ಬರೆಯಿರಿ.

ನಾಲ್ಕನೆಯದು, ಅಳೆದು ತಿದ್ದುವುದು. ಬೇಕಾದ ವ್ಯಾಸ 30.00, ಮೈಕ್ರೋಮೀಟರ್ ತೋರಿಸಿದ್ದು 30.23. ತಿದ್ದುಪಡಿ ಮೈನಸ್ 0.23. ಫ್ಯಾನುಕ್ ಕಂಪನಿಯ ಕಂಟ್ರೋಲ್‌ನಲ್ಲಿ (ಮಷೀನ್ ನಡೆಸುವ ಕಂಪ್ಯೂಟರ್‌ನಲ್ಲಿ) ಪಕ್ಕಪಕ್ಕದಲ್ಲೇ ಎರಡು ಕೀ ಇರುತ್ತವೆ: 'ಇನ್‌ಪುಟ್' ಮತ್ತು 'ಪ್ಲಸ್ ಇನ್‌ಪುಟ್'. ಎರಡನೆಯದು ಇರುವ ಮೌಲ್ಯಕ್ಕೆ ಕೂಡಿಸುತ್ತದೆ. ಮೊದಲನೆಯದು ಇರುವುದನ್ನು ಅಳಿಸಿ ಹೊಸದನ್ನು ಬರೆಯುತ್ತದೆ. ಆಫ್‌ಸೆಟ್ ಕಾಲಂನಲ್ಲಿ 0.20 ಇದ್ದಾಗ ಮೈನಸ್ 0.23 ಟೈಪ್ ಮಾಡಿ ಪ್ಲಸ್ ಇನ್‌ಪುಟ್ ಒತ್ತಿದರೆ ಮೈನಸ್ 0.03 ಆಗಿ ಜಾಬ್ 30.00ಕ್ಕೆ ಬರುತ್ತದೆ. ಬರೀ ಇನ್‌ಪುಟ್ ಒತ್ತಿದರೆ ಮೈನಸ್ 0.23 ಕೂರುತ್ತದೆ, ಟೂಲ್ 0.43 ಒಳಗೆ ಹೋಗುತ್ತದೆ, ಜಾಬ್ 29.80. "ಆಫ್‌ಸೆಟ್ ಹಾಕೋದು ಹೇಳ್ಕೊಟ್ಟಿದ್ದೆ ಸಾರ್" ಎಂದು ಸೀನಿಯರ್ ಹೇಳುವುದು ಸುಳ್ಳೇನಲ್ಲ. ಯಾವ ಕೀ ಎಂದು ಹೇಳಿರುವುದಿಲ್ಲ, ಅಷ್ಟೆ.

ಇಂಥ ಹಾಳೆ ತಯಾರಿಸುವಾಗ ಆಫೀಸಿನಲ್ಲಿ ಕೂತು ಬರೆಯಬೇಡಿ. ಅನುಭವಿ ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ಬರೆಯಿರಿ. ಕೈ ಎಲ್ಲಿ ನಿಧಾನವಾಗುತ್ತದೋ, ಎಲ್ಲಿ ಬಗ್ಗಿ ನೋಡುತ್ತಾನೋ, ಅಲ್ಲೊಂದು ಸೂಕ್ಷ್ಮ ಇರುತ್ತದೆ. ಹಂತಗಳು ಏಳಕ್ಕಿಂತ ಹೆಚ್ಚಾದರೆ ಪಾಠವನ್ನು ಎರಡು ಮಾಡಿ. ಈ ಹಾಳೆ ಕಲಿಸುವವನಿಗೆ ಮಾತ್ರ. ಇದನ್ನೇ ಲ್ಯಾಮಿನೇಟ್ ಮಾಡಿ ಹೊಸಬನ ಕೈಗಿಟ್ಟು ತರಬೇತಿ ಮುಗಿಯಿತು ಎನ್ನುವ ಕಂಪನಿಗಳಿಗೆ ಕಡಿಮೆಯಿಲ್ಲ.

ಕಲಿಸುವಾಗ ಎದುರು ನಿಲ್ಲಬೇಡಿ, ಎಡಬಲ ಅದಲುಬದಲಾಗುತ್ತದೆ, ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಮೂರು ಸಲ ಮಾಡಿ ತೋರಿಸಿ: ಮೊದಲು ಹಂತಗಳನ್ನಷ್ಟೇ ಹೇಳುತ್ತ, ಮತ್ತೆ ಸೂಕ್ಷ್ಮಗಳೊಂದಿಗೆ, ಮೂರನೇ ಸಲ ಕಾರಣಗಳೊಂದಿಗೆ. ನಂತರ ಅವನ ಸರದಿ. ಮೊದಲ ಸಲ ಮಾತಿಲ್ಲದೆ ಮಾಡಲಿ, ತಪ್ಪಿದಲ್ಲಿ ಆ ಕ್ಷಣವೇ ತಡೆಯಿರಿ. ತಪ್ಪು ಅಭ್ಯಾಸವಾದ ಮೇಲೆ ಬಿಡಿಸುವುದು ಕಷ್ಟ. ಆಮೇಲೆ ಅವನೇ ಹಂತ, ಸೂಕ್ಷ್ಮ, ಕಾರಣ ಹೇಳುತ್ತ ಮಾಡಲಿ. "ಗೊತ್ತಾಯ್ತಾ?" ಎಂದು ಕೇಳುವುದರಿಂದ ಏನೂ ತಿಳಿಯುವುದಿಲ್ಲ, "ಆಯ್ತು ಸಾರ್" ಎಂಬುದೇ ಅದಕ್ಕೆ ಉತ್ತರ. "ಬೋರಿಂಗ್‌ಗೆ ಯಾಕೆ ಕಳೀಬೇಕು?" ಎಂದು ಕೇಳಿ. ಒಡಿಶಾ, ಬಿಹಾರದಿಂದ ಬಂದ ಹುಡುಗರಾದರೆ ಅವರು ತಮ್ಮ ಭಾಷೆಯಲ್ಲಿ ಹೇಳಲಿ, ಆ ಭಾಷೆ ಬಲ್ಲವರೊಬ್ಬರು ಕೇಳಿಸಿಕೊಳ್ಳಲಿ.

ಒಬ್ಬನನ್ನೇ ಬಿಡುವಾಗ ಸಂದೇಹ ಬಂದರೆ ಯಾರನ್ನು ಕೇಳಬೇಕು ಎಂದು ಹೆಸರು ಹೇಳಿ ತೋರಿಸಿ. ಮೊದಲ ದಿನ ಪ್ರತಿ ಟಿಪ್ ಬದಲಾವಣೆಯನ್ನೂ ನೋಡಿ, ಆಮೇಲೆ ಶಿಫ್ಟಿಗೊಮ್ಮೆ, ಹಾಗೇ ಕಡಿಮೆ ಮಾಡುತ್ತ ಹೋಗಿ.

ಗೋಡೆಯ ಮೇಲಿನ ಸ್ಕಿಲ್ ಮ್ಯಾಟ್ರಿಕ್ಸ್, ಅಂದರೆ ಯಾರಿಗೆ ಯಾವ ಕೆಲಸ ಎಷ್ಟು ಬರುತ್ತದೆ ಎಂಬ ಪಟ್ಟಿಯ ಬಗ್ಗೆ ಎರಡು ಮಾತು. ಕಾಲು ವೃತ್ತ, ಅರ್ಧ, ಮುಕ್ಕಾಲು, ಪೂರ್ತಿ ಎಂದು ತುಂಬುವ ಈ ಪಟ್ಟಿ ಕಸ್ಟಮರ್ ಆಡಿಟ್‌ನ ಹಿಂದಿನ ದಿನ ಒಮ್ಮೆಲೇ ಕಪ್ಪಾಗುತ್ತದೆ. ವಾಹನೋದ್ಯಮದ ಐಎಟಿಎಫ್ 16949 ಗುಣಮಟ್ಟ ಮಾನದಂಡ ಕೆಲಸದ ಜಾಗದ ತರಬೇತಿಯನ್ನು ಗುತ್ತಿಗೆ ಕಾರ್ಮಿಕರಿಗೂ ಕೇಳುತ್ತದೆ. ಪಟ್ಟಿಯಲ್ಲಿ ಹೆಚ್ಚಾಗಿ ಕಾಣೆಯಾಗುವವರು ಅವರೇ. ಮುಕ್ಕಾಲು ಎಂದರೆ ಯಾರ ಸಹಾಯವಿಲ್ಲದೆ ಮಾಡಬಲ್ಲ, ಪೂರ್ತಿ ಎಂದರೆ ಇನ್ನೊಬ್ಬರಿಗೆ ಕಲಿಸಬಲ್ಲ ಎಂದಿಟ್ಟುಕೊಳ್ಳಿ. ಪ್ರತಿ ವೃತ್ತದ ಕೆಳಗೆ ತಾರೀಖು, ನೋಡಿದವರ ಸಹಿ ಇರಲಿ. ಆರು ತಿಂಗಳು ಆ ಮಷೀನ್ ಮುಟ್ಟದವನ ವೃತ್ತ ಒಂದು ಹಂತ ಇಳಿಯಲಿ.

ಫಲಿತಾಂಶ ಅಳೆಯಲು ತರಬೇತಿಯ ಗಂಟೆ ಎಣಿಸಬೇಡಿ, "ಊಟ ಚೆನ್ನಾಗಿತ್ತು" ಎಂದು ಬರೆಸಿಕೊಳ್ಳುವ ಫೀಡ್‌ಬ್ಯಾಕ್ ಫಾರ್ಮನ್ನೂ ನಂಬಬೇಡಿ. ಟಿಪ್ ಬದಲಿಸಿದ ನಂತರದ ಮೊದಲ ಜಾಬ್ ಪಾಸಾಯಿತೋ ಇಲ್ಲವೋ ಎಂಬ ಒಂದು ಕಾಲಂ ಪ್ರೊಡಕ್ಷನ್ ಶೀಟಿಗೆ ಸೇರಿಸಿ, ಆಪರೇಟರ್‌ವಾರು ತಿಂಗಳ ಲೆಕ್ಕ ತೆಗೆಯಿರಿ. ಒಬ್ಬನದೇ ಪದೇಪದೇ ತಪ್ಪುತ್ತಿದ್ದರೆ ಅವನಿಗೆ ಮತ್ತೆ ಪಾಠ. ಹಲವರದು ಒಂದೇ ಕಡೆ ತಪ್ಪುತ್ತಿದ್ದರೆ ಹಾಳೆಯಲ್ಲಿ ಏನೋ ಬಿಟ್ಟುಹೋಗಿದೆ, ಅದನ್ನು ತಿದ್ದಿ.