ವಾರ್ಪ್ ನೌಕೆಗೆ ಬ್ರೇಕ್ ಹಾಕುವವರು ಯಾರು?

ಕ್ಯಾಪ್ಟನ್ ಅಪ್ಪಣೆ ಕೊಡುತ್ತಾರೆ. ಪರದೆಯ ಮೇಲಿನ ನಕ್ಷತ್ರಗಳು ಚುಕ್ಕಿ ಹೋಗಿ ಗೆರೆಗಳಾಗುತ್ತವೆ. ಮುಂದಿನ ದೃಶ್ಯದಲ್ಲಿ ನೌಕೆ ಇನ್ಯಾವುದೋ ಸೂರ್ಯನ ಎದುರು ನಿಂತಿರುತ್ತದೆ. ವೈಜ್ಞಾನಿಕ ಕಥೆಗಳ ಹುಚ್ಚು ಹತ್ತಿದವರಿಗೆ ಇದು ಎಷ್ಟು ರೂಢಿಯಾಗಿದೆ ಅಂದರೆ, ನಡುವೆ ಏನಾಯಿತು ಎಂದು ಯಾರೂ ಕೇಳುವುದಿಲ್ಲ. ನಾನೂ ತುಂಬಾ ವರ್ಷ ಕೇಳಿರಲಿಲ್ಲ. ಕೇಳಲು ಶುರುಮಾಡಿದ ಮೇಲೆ ಒಂದು ವಿಷಯ ಕಾಡತೊಡಗಿತು. ಈ ನೌಕೆ ಹೇಗೆ ಓಡುತ್ತದೆ ಅನ್ನುವುದು ಹಾಗಿರಲಿ, ಅದು ನಿಲ್ಲುವುದು ಹೇಗೆ?

ಕಥೆಗಾರರಿಗೆ ಬೆಳಕಿಗಿಂತ ಜೋರಾಗಿ ಓಡಿಸುವ ಇಂಥ ವಾರ್ಪ್ ಎಂಜಿನ್ ಯಾಕೆ ಬೇಕಾಯಿತು ಅನ್ನುವುದು ಸುಲಭದ ಲೆಕ್ಕ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ. ದೂರ ಸುಮಾರು 4.24 ಜ್ಯೋತಿರ್ವರ್ಷ. 1977ರಲ್ಲಿ ಹೊರಟ ವಾಯೇಜರ್ 1 ಗಗನನೌಕೆ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಓಡುತ್ತಲೇ ಇದೆ. ಆ ವೇಗದಲ್ಲಿ ಅಷ್ಟು ದೂರ ಸಾಗಲು ಸುಮಾರು 75,000 ವರ್ಷ ಬೇಕು. ಬೆಳಕಿಗೇ ನಾಲ್ಕು ವರ್ಷ ಹಿಡಿಯುತ್ತದೆ. ವಾರಕ್ಕೊಂದು ಹೊಸ ಗ್ರಹ ತೋರಿಸಬೇಕಾದ ಧಾರಾವಾಹಿಗೆ ಇದು ಆಗಿಬರುವ ಮಾತಲ್ಲ. 1966ರಲ್ಲಿ ಶುರುವಾದ ಸ್ಟಾರ್ ಟ್ರೆಕ್ ವಾರ್ಪ್ ಎಂಬ ಪದವನ್ನು ಮನೆಮಾತು ಮಾಡಿತು. ಬೇರೆ ಕಥೆಗಳಲ್ಲಿ ಅದು ಹೈಪರ್‌ಸ್ಪೇಸ್ ಆಯಿತು, ಇನ್ನು ಕೆಲವುಗಳಲ್ಲಿ ಜಂಪ್ ಆಯಿತು. ಹೆಸರು ಯಾವುದಾದರೇನು, ಕೆಲಸ ಒಂದೇ. ದಾರಿಯ ಬೇಸರವನ್ನು ಕತ್ತರಿಸಿ ಹಾಕುವುದು.

ಸುಮ್ನೆ ಇನ್ನೂ ದೊಡ್ಡ ಎಂಜಿನ್ ಹಾಕಿ ಜೋರಾಗಿ ಓಡಿಸಿದರೆ ಆಗಲ್ವಾ? ಆಗುವುದಿಲ್ಲ. ಯಾವ ವಸ್ತುವೂ ಬೆಳಕಿನ ವೇಗವನ್ನು ಮೀರುವಂತಿಲ್ಲ. ಬರೀ ಸೂತ್ರ ನಂಬಿ ಹೇಳುವ ಮಾತಲ್ಲ ಇದು, ಮಾಡಿ ನೋಡಿದ್ದು. ಜಿನೀವಾ ಹತ್ತಿರ ನೆಲದಡಿಯಲ್ಲಿರುವ, ಸೂಕ್ಷ್ಮ ಕಣಗಳನ್ನು ಓಡಿಸುವ ಎಲ್‌ಎಚ್‌ಸಿ ಯಂತ್ರದೊಳಗೆ ಪ್ರೋಟಾನ್‌ಗಳನ್ನು 450 ಗಿಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಕೊಟ್ಟು ಬಿಡುತ್ತಾರೆ. ಆ ಹೊತ್ತಿಗೇ ಅವು ಬೆಳಕಿಗಿಂತ ಸೆಕೆಂಡಿಗೆ ಸುಮಾರು 650 ಮೀಟರ್ ಮಾತ್ರ ಹಿಂದೆ. ಅಲ್ಲಿಂದ ಶಕ್ತಿಯನ್ನು 6,500ಕ್ಕೆ ಏರಿಸಿದರೆ, ಅಂದರೆ ಹದಿನಾಲ್ಕು ಪಟ್ಟಿಗೂ ಜಾಸ್ತಿ ಮಾಡಿದರೆ, ಆ 650 ಮೀಟರ್ ಸುಮಾರು 3 ಮೀಟರ್‌ಗೆ ಇಳಿಯುತ್ತದೆ. ಅಷ್ಟೇ. ಬೆಳಕು ಸೆಕೆಂಡಿಗೆ 2,99,792 ಕಿಲೋಮೀಟರ್ ಓಡುತ್ತದೆ. ಅದರ ಮುಂದೆ ಮೂರು ಮೀಟರ್ ಯಾವ ಲೆಕ್ಕ? ಆದರೂ ಆ ಮೂರು ಮೀಟರ್ ದಾಟಲು ಎಷ್ಟು ಶಕ್ತಿ ಸುರಿದರೂ ಸಾಲುವುದಿಲ್ಲ.

ನಿಯಮ ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರು ಬೇಕಲ್ಲ. 1994ರಲ್ಲಿ ಮೆಕ್ಸಿಕೋದ ಭೌತವಿಜ್ಞಾನಿ ಮಿಗೆಲ್ ಅಲ್ಕುಬಿಯೆರೆ ಅದನ್ನೇ ಮಾಡಿದರು. ಆಗ ಅವರು ವೇಲ್ಸ್‌ನ ಕಾರ್ಡಿಫ್‌ನಲ್ಲಿದ್ದರು. ಗಂಭೀರವಾದ ಭೌತವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾದ ಅವರ ಪ್ರಬಂಧದ ತಲೆಬರಹದಲ್ಲೇ ವಾರ್ಪ್ ಡ್ರೈವ್ ಎಂಬ ಪದ ಇತ್ತು. ಟಿವಿಯಿಂದ ಕಡ ತಂದ ಪದ! ಅವರ ವಾದ ಹೀಗೆ. ಜಾಗದೊಳಗೆ ಯಾವುದೂ ಬೆಳಕನ್ನು ಹಿಂದೆ ಹಾಕುವಂತಿಲ್ಲ, ಸರಿ. ಆದರೆ ಜಾಗವೇ ಹಿಗ್ಗಿದರೆ, ಕುಗ್ಗಿದರೆ? ಅದಕ್ಕೆ ಐನ್‌ಸ್ಟೈನ್ ಮಿತಿ ಹಾಕಿಲ್ಲ. ವಿಶ್ವ ಹಿಗ್ಗುತ್ತಿರುವುದರಿಂದ ಬಹಳ ದೂರದ ಗ್ಯಾಲಕ್ಸಿಗಳು ಈಗಲೂ ಬೆಳಕಿನ ವೇಗ ಮೀರಿ ನಮ್ಮಿಂದ ದೂರವಾಗುತ್ತಿವೆ. ಯಾವ ನಿಯಮವೂ ಮುರಿದಿಲ್ಲ.

ಒಂದು ಬಟ್ಟೆಯ ಮೇಲೆ ಇರುವೆ ಕೂತಿದೆ ಅಂದುಕೊಳ್ಳಿ. ಅದರ ಮುಂದಿನ ಬಟ್ಟೆಯನ್ನು ನೆರಿಗೆ ಹಿಡಿಯುತ್ತಾ ಹೋಗಿ, ಹಿಂದಿನ ನೆರಿಗೆಯನ್ನು ಬಿಡಿಸುತ್ತಾ ಬನ್ನಿ. ಇರುವೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲ, ಆದರೆ ಅಂಚು ಹತ್ತಿರ ಬರುತ್ತದೆ. ಅಲ್ಕುಬಿಯೆರೆ ಅವರ ನೌಕೆ ಈ ಇರುವೆಯ ಹಾಗೆ. ಮುಂದೆ ಜಾಗ ಕುಗ್ಗುತ್ತದೆ, ಹಿಂದೆ ಹಿಗ್ಗುತ್ತದೆ, ನಡುವೆ ಒಂದು ಗುಳ್ಳೆ. ಗುಳ್ಳೆಯ ಒಳಗೆ ಎಲ್ಲವೂ ಶಾಂತ. ಸೀಟಿಗೆ ಬೆನ್ನು ಅಪ್ಪಳಿಸುವ ಜಗ್ಗಾಟವಿಲ್ಲ. ನೌಕೆಯ ಗಡಿಯಾರ ಮತ್ತು ಮನೆಯ ಗಡಿಯಾರ ಒಂದೇ ಸಮನೆ ನಡೆಯುತ್ತವೆ. ಹೋಗಿ ಬಂದವನಿಗಿಂತ ಮೊಮ್ಮಕ್ಕಳೇ ಮುದುಕರಾಗಿರುವ ತಾಪತ್ರಯವೂ ಇಲ್ಲ. ಕಥೆಗಾರ ಕೇಳಿದ್ದೆಲ್ಲಾ ಸಿಕ್ಕಿತು ಅನ್ನಿಸುತ್ತದೆ.

ಇಲ್ಲಿಂದ ಮುಂದೆ ಎಲ್ಲರೂ ಇಂಧನದ ಬಗ್ಗೆ ಜಗಳಕ್ಕೆ ಇಳಿಯುತ್ತಾರೆ. ಜಾಗವನ್ನು ಹೀಗೆ ನೆರಿಗೆ ಹಿಡಿಯಲು ಋಣ ಶಕ್ತಿ ಬೇಕು, ಅಂದರೆ ಖಾಲಿ ಜಾಗಕ್ಕಿಂತಲೂ ಕಡಿಮೆ ಶಕ್ತಿ. ಇದು ಪೂರ್ತಿ ಕಲ್ಪನೆಯಲ್ಲ. ಎರಡು ಲೋಹದ ಫಲಕಗಳನ್ನು ತೀರಾ ಹತ್ತಿರ ತಂದರೆ ಅವು ತಾವಾಗಿಯೇ ಒಂದನ್ನೊಂದು ಸೆಳೆದುಕೊಳ್ಳುತ್ತವೆ ಎಂದು ಹೆಂಡ್ರಿಕ್ ಕ್ಯಾಸಿಮಿರ್ 1948ರಲ್ಲೇ ಹೇಳಿದ್ದರು. ಆಮೇಲೆ ಅದನ್ನು ಅಳೆದೂ ನೋಡಿದ್ದಾರೆ. ಫಲಕಗಳ ನಡುವಿನ ಶಕ್ತಿ ಸೊನ್ನೆಗಿಂತ ಕೆಳಗೆ ಎಂದು ಲೆಕ್ಕ ಹೇಳುತ್ತದೆ. ಆದರೆ ಅದು ಉಗುರಿನ ಕೊಳೆಯಷ್ಟೂ ಅಲ್ಲ. 1997ರಲ್ಲಿ ಫೆನಿಂಗ್ ಮತ್ತು ಫೋರ್ಡ್ ಎಂಬ ಭೌತವಿಜ್ಞಾನಿಗಳು ಲೆಕ್ಕ ಹಾಕಿದಾಗ, ಗುಳ್ಳೆಯೊಂದಕ್ಕೆ ಕಣ್ಣಿಗೆ ಕಾಣುವ ಇಡೀ ವಿಶ್ವದ ದ್ರವ್ಯರಾಶಿಯನ್ನೂ ಮೀರಿಸುವಷ್ಟು ಋಣ ಶಕ್ತಿ ಬೇಕೆಂದು ಬಂತು. ಎರಡೇ ವರ್ಷದಲ್ಲಿ ವಾನ್ ಡೆನ್ ಬ್ರೂಕ್ ಅದನ್ನು ಕೆಲವು ಸೂರ್ಯರ ಮಟ್ಟಕ್ಕೆ ಇಳಿಸಿದರು. ಹೊರಗಿನಿಂದ ನೋಡಿದರೆ ಗುಳ್ಳೆ ಕಣ್ಣಿಗೇ ಕಾಣದಷ್ಟು ಚಿಕ್ಕದು, ಒಳಗೆ ಮಾತ್ರ ನೌಕೆ ಹಿಡಿಸುವಷ್ಟು ವಿಶಾಲ. ಅದು ಅವರ ಚಮತ್ಕಾರ. ಈ ಅಂಕಿ ಇಳಿಯುತ್ತಾ ಹೋಗುವುದನ್ನು ನೋಡಿ ಇನ್ನೇನು ಎಂಜಿನ್ ಬಂದೇಬಿಟ್ಟಿತು ಎಂದು ಸುದ್ದಿ ಮಾಡುವವರಿದ್ದಾರೆ. ನನಗೆ ಆ ಉತ್ಸಾಹ ಬರುವುದಿಲ್ಲ. ಇಂಧನ ಪುಕ್ಕಟೆ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಆಗಲೂ ಕ್ಯಾಪ್ಟನ್ ಕೈಯಲ್ಲಿ ಏನೂ ಇರುವುದಿಲ್ಲ.

ಯಾಕೆ ಅಂದರೆ, ಗುಳ್ಳೆ ಬೆಳಕಿನ ವೇಗ ಮೀರಿದ ಕೂಡಲೇ ಅದರ ಮುಂದಿನ ಗೋಡೆಗೆ ಒಳಗಿನವರ ಮಾತು ಮುಟ್ಟುವುದಿಲ್ಲ. ಕ್ಯಾಪ್ಟನ್ ಮುಂದಕ್ಕೆ ಒಂದು ಟಾರ್ಚ್ ಹೊತ್ತಿಸಿದರು ಅನ್ನಿ. ಬೆಳಕು ಹೊರಡುತ್ತದೆ, ಗೋಡೆಯ ಒಳಭಾಗವನ್ನು ಹೊಕ್ಕುತ್ತದೆ, ಅಲ್ಲೊಂದು ಕಡೆ ಸಿಕ್ಕಿಹಾಕಿಕೊಳ್ಳುತ್ತದೆ. ಅಲ್ಲಿಂದ ಮುಂದಕ್ಕೆ ಗುಳ್ಳೆಯೇ ಬೆಳಕಿಗಿಂತ ಜೋರು. ಹಾಗಾಗಿ ಆ ಕಿರಣ ಗೋಡೆಯೊಳಗೇ ತೇಲಿಕೊಂಡು ನೌಕೆಯ ಜೊತೆ ಪ್ರಯಾಣ ಮಾಡುತ್ತದೆ, ಹೊರಗೆ ದಾಟುವುದೇ ಇಲ್ಲ. ಬೆಳಕೇ ಮುಟ್ಟದ ಜಾಗಕ್ಕೆ ಬೇರೆ ಯಾವ ಸಂಕೇತ ಮುಟ್ಟೀತು? ಬ್ರೇಕ್ ಪೆಡಲ್ ಒತ್ತಬಹುದು, ಆದರೆ ಅದರ ತಂತಿ ಚಕ್ರಕ್ಕೆ ತಲುಪುವುದಿಲ್ಲ. ಸ್ಟೀರಿಂಗ್ ಕಥೆಯೂ ಅಷ್ಟೇ. ನಿಲ್ಲಿಸುವುದು ಬಿಡಿ, ಇಂಥ ಗುಳ್ಳೆಯನ್ನು ಒಳಗೆ ಕೂತು ಶುರು ಮಾಡುವುದೂ ಆಗದ ಕೆಲಸ.

ಹಾಗಾದರೆ ದಾರಿಯುದ್ದಕ್ಕೂ ಮೊದಲೇ ಯಾರೋ ಯಂತ್ರಗಳನ್ನು ಜೋಡಿಸಿಟ್ಟು, ಇಷ್ಟು ಹೊತ್ತಿಗೆ ಇಲ್ಲಿ ನೆರಿಗೆ ಹಿಡಿ, ಅಲ್ಲಿ ಬಿಡು ಎಂದು ಸಮಯ ನಿಗದಿ ಮಾಡಿರಬೇಕು. ಆ ಯಂತ್ರಗಳನ್ನು ಹೊತ್ತುಕೊಂಡು ಹೋಗುವವರು ಬೆಳಕಿಗಿಂತ ನಿಧಾನವಾಗಿಯೇ ಹೋಗಬೇಕು. ರಷ್ಯಾದ ಸೆರ್ಗೆಯ್ ಕ್ರಾಸ್ನಿಕೋವ್ ಇದೇ ಜಾಡು ಹಿಡಿದು ಇನ್ನೊಂದು ಉಪಾಯ ಮುಂದಿಟ್ಟರು. ಹೋಗುವಾಗ ನೌಕೆ ಬೆಳಕಿನ ಹತ್ತಿರದ ವೇಗದಲ್ಲಿ ಸಾಗುತ್ತಾ, ಹಿಂದೆ ಒಂದು ಕೊಳವೆಯಂಥ ದಾರಿ ಬಿಡುತ್ತಾ ಹೋಗುತ್ತದೆ. ವೇಗದ ಲಾಭ ಸಿಗುವುದು ವಾಪಸ್ ಬರುವಾಗ. ನನ್ನನ್ನು ಕೇಳಿದರೆ ಇದು ನೌಕೆಯೇ ಅಲ್ಲ, ರೈಲು. ಹಳಿ ಹಾಕಿದ ಕಡೆಗೆ ಮಾತ್ರ ಹೋಗುತ್ತದೆ. ಯಾರೂ ಕಾಲಿಡದ ಕಡೆಗೆ ಧೈರ್ಯವಾಗಿ ನುಗ್ಗುವ ಕಥೆಗಳಿಗೆ ರೈಲು ತೆಗೆದುಕೊಂಡು ಏನು ಮಾಡುವುದು?

ಹೇಗೋ ನಿಂತಿತು ಅಂತ ಒಪ್ಪಿಕೊಳ್ಳೋಣ. ಆಗ ಇನ್ನೊಂದು ಎಡವಟ್ಟು. ದಾರಿಯಲ್ಲಿ ಸಿಕ್ಕ ಕಣಗಳು, ಬೆಳಕಿನ ಕಿರಣಗಳು ಗುಳ್ಳೆಯ ಮುಂಭಾಗದಲ್ಲಿ ಅಂಟಿಕೊಂಡು ಬಂದಿರುತ್ತವೆ. ಗುಳ್ಳೆ ನಿಂತಾಗ ಅವೆಲ್ಲಾ ಒಟ್ಟಿಗೆ, ಭಾರೀ ಶಕ್ತಿಯಿಂದ ಮುಂದಕ್ಕೆ ಚಿಮ್ಮುತ್ತವೆ. ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಈ ಲೆಕ್ಕ ಮಾಡಿದರು. ನೌಕೆ ಜಾಸ್ತಿ ದೂರ ಬಂದಷ್ಟೂ ಈ ಹೊಡೆತ ಜಾಸ್ತಿ. ಎದುರಿಗೆ ನಿಂತು ಸ್ವಾಗತ ಕೋರುವವರು ಉಳಿಯುವುದಿಲ್ಲ. ಬ್ರೇಕ್ ಹಾಕುವುದೇ ಬಾಂಬ್ ಹಾಕಿದಂತೆ.

ಇವೆಲ್ಲಕ್ಕಿಂತ ಕಗ್ಗಂಟು ಕಾಲದ್ದು. ಎರಡು ಘಟನೆಗಳು ಒಂದರಿಂದೊಂದು ತುಂಬಾ ದೂರದಲ್ಲಿ, ಬೆಳಕೂ ನಡುವೆ ಓಡಾಡಲು ಆಗದಷ್ಟು ಕಡಿಮೆ ಸಮಯದ ಅಂತರದಲ್ಲಿ ನಡೆದರೆ, ಯಾವುದು ಮೊದಲು ಅನ್ನುವುದು ನೋಡುವವರ ಚಲನೆಗೆ ತಕ್ಕಂತೆ ಬದಲಾಗುತ್ತದೆ. ಐನ್‌ಸ್ಟೈನ್ ಅವರ ಸಾಪೇಕ್ಷತಾ ಸಿದ್ಧಾಂತದಲ್ಲಿ ಇದು ಮಾಮೂಲಿ. ಇದರಿಂದ ಯಾರಿಗೂ ತೊಂದರೆ ಇಲ್ಲ, ಯಾಕೆಂದರೆ ಅವೆರಡರ ನಡುವೆ ಸುದ್ದಿ ಸಾಗಿಸಲು ಯಾರಿಂದಲೂ ಆಗದು. ಬೆಳಕನ್ನು ಮೀರುವ ನೌಕೆ ಬಂತೋ, ಆ ಬೀಗ ಒಡೆಯಿತು. ಬೇರೆ ಬೇರೆ ವೇಗದಲ್ಲಿ ಚಲಿಸುವ ಇಬ್ಬರ ಹತ್ತಿರ ಇಂಥ ಗುಳ್ಳೆಗಳಿದ್ದರೆ, ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ವಾಪಸ್ ಬಂದು, ಹೊರಡುವ ಮುಂಚೆಯೇ ಮನೆ ಸೇರಬಹುದು ಎಂದು ಭೌತವಿಜ್ಞಾನಿ ಅಲೆನ್ ಎವರೆಟ್ 1996ರಲ್ಲಿ ತೋರಿಸಿದರು. ಕಥೆಗಳಲ್ಲಿ ಈ ವಿಷಯ ಮೆಲ್ಲಗೆ ಪಕ್ಕಕ್ಕೆ ಸರಿಯುತ್ತದೆ. ಇಡೀ ಗ್ಯಾಲಕ್ಸಿಗೆ ಒಂದೇ ಗಡಿಯಾರ, ಎಲ್ಲರಿಗೂ ಒಂದೇ ‘ಈಗ’. ಹಾಗೆ ಇಟ್ಟುಕೊಳ್ಳದಿದ್ದರೆ ಕಥೆ ಬರೆಯುವುದೇ ಕಷ್ಟ, ಹಾಗಾಗಿ ನಾನಂತೂ ತಕರಾರು ಮಾಡುವುದಿಲ್ಲ.

2011ರಲ್ಲಿ ಸ್ವಲ್ಪ ದಿನ ಈ ಬೀಗ ನಿಜವಾಗಿಯೂ ಅಲ್ಲಾಡಿದಂತೆ ಕಂಡಿತ್ತು. ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದಿಂದ ಇಟಲಿಯ ಗ್ರಾನ್ ಸಾಸೋಗೆ, 730 ಕಿಲೋಮೀಟರ್ ನೆಲದೊಳಗಿನಿಂದ ಹೋದ ನ್ಯೂಟ್ರಿನೋ ಎಂಬ ಸೂಕ್ಷ್ಮ ಕಣಗಳು ಬೆಳಕಿಗಿಂತ ಸುಮಾರು 60 ನ್ಯಾನೋಸೆಕೆಂಡ್ ಮೊದಲೇ ತಲುಪಿದವು ಎಂದು ಒಪೆರಾ ಪ್ರಯೋಗದವರು ಹೇಳಿದರು. ಜಗತ್ತೆಲ್ಲಾ ಗುಲ್ಲೆದ್ದಿತು. ಮುಂದಿನ ವರ್ಷ ಕಾರಣ ಸಿಕ್ಕಿತು. ಮುಖ್ಯ ತಪ್ಪು, ಸರಿಯಾಗಿ ಸಿಕ್ಕಿಸದ ಒಂದು ಫೈಬರ್ ಕೇಬಲ್.

ಲೆಕ್ಕ ಹಾಕುವವರು ಮಾತ್ರ ಕೈಬಿಟ್ಟಿಲ್ಲ. 2024ರಲ್ಲಿ ಒಂದು ತಂಡ ಋಣ ಶಕ್ತಿಯ ಗೊಡವೆಯೇ ಇಲ್ಲದ, ಮಾಮೂಲಿ ದ್ರವ್ಯದಿಂದಲೇ ಮಾಡುವ ವಾರ್ಪ್ ಗುಳ್ಳೆಯ ಲೆಕ್ಕ ಮುಂದಿಟ್ಟಿತು. ಅವರ ಉದಾಹರಣೆಯಲ್ಲಿರುವುದು ಬರೀ 20 ಮೀಟರ್ ತ್ರಿಜ್ಯದ ಒಂದು ಚಿಪ್ಪು. ಅದರೊಳಗೆ ಗುರು ಗ್ರಹದ ಎರಡು ಪಟ್ಟಿಗೂ ಜಾಸ್ತಿ ದ್ರವ್ಯರಾಶಿಯನ್ನು ತುರುಕಬೇಕು. ಅಷ್ಟು ಮಾಡಿದರೂ ಅದು ಹೋಗುವುದು ಬೆಳಕಿಗಿಂತ ನಿಧಾನವಾಗಿ, ಒಂದೇ ವೇಗದಲ್ಲಿ. ಬೆಳಕನ್ನು ಮೀರುವುದಿಲ್ಲವಾದ್ದರಿಂದ ಅದರ ಮುಂದಿನ ಗೋಡೆ ಕ್ಯಾಪ್ಟನ್‌ನ ಟಾರ್ಚಿಗೆ ಎಟುಕುತ್ತದೆ. ಆದರೆ ನಿಂತ ಚಿಪ್ಪನ್ನು ಆ ವೇಗಕ್ಕೆ ತರುವುದು ಹೇಗೆ ಅನ್ನುವುದು ಆ ಲೆಕ್ಕದಲ್ಲಿಲ್ಲ.